ದೊಡ್ಡ ಬೇಟೆಗೆ ರೈಫಲ್, ಸ್ಕೋಪ್, ತೋಟೆ ಆರಿಸುವುದು: ಪ್ರಾಣಿಯಿಂದ ಶುರು ಮಾಡಿ

ಹೊಸದಾಗಿ ದೊಡ್ಡ ಬೇಟೆಗೆ ಇಳಿಯುವವರು ಮೊದಲು ಕೇಳುವುದು "ಯಾವ ರೈಫಲ್ ತಗೊಳ್ಳಲಿ?" ಎಂದು. ನಾನು ತಿರುಗಿ ಕೇಳುವುದು "ಯಾವ ಪ್ರಾಣಿಗೆ? ಎಷ್ಟು ದೂರದಿಂದ?" ಎಂದು. ಈ ಎರಡಕ್ಕೆ ಉತ್ತರ ಇಲ್ಲದೆ ಮುಂದಿನ ಯಾವುದನ್ನೂ ಸರಿಯಾಗಿ ಆರಿಸಲು ಆಗುವುದಿಲ್ಲ.

ಪ್ರಾಣಿಯ ಮೈಗೆ ತಾಗುವುದು ಗುಂಡು ಒಂದೇ. ರೈಫಲ್, ಸ್ಕೋಪ್ (ರೈಫಲ್ ಮೇಲೆ ಕೂರುವ ಗುರಿ ದುರ್ಬೀನು), ಟ್ರಿಗರ್ ಎಲ್ಲ ಇರುವುದು ಆ ಗುಂಡನ್ನು ಸರಿಯಾದ ಜಾಗಕ್ಕೆ ಮುಟ್ಟಿಸಲು. ಆ ಜಾಗ ಎಷ್ಟು ದೊಡ್ಡದು? ಜಿಂಕೆ ಗಾತ್ರದ ಪ್ರಾಣಿಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ. ಒಂದು ಗೇಣು, ಅಷ್ಟೇ. ಗುಂಡು ಆ ಗೇಣಿನೊಳಗೆ ಹೋದರೆ ಪ್ರಾಣಿ ಸ್ವಲ್ಪ ದೂರ ಓಡಿದರೂ ಬೇಗ ಬೀಳುತ್ತದೆ. ಹೊರಗೆ ಹೋದರೆ ಗಾಯ ಹೊತ್ತು ಓಡುತ್ತದೆ, ಎಲ್ಲೋ ಪೊದೆಯಲ್ಲಿ ಒದ್ದಾಡಿ ಸಾಯುತ್ತದೆ. ಆಯ್ಕೆಯ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಪ್ರಾಣಿ, ಆಮೇಲೆ ಗುಂಡು, ಆಮೇಲೆ ತೋಟೆ, ಆಮೇಲೆ ರೈಫಲ್, ಆಮೇಲೆ ಸ್ಕೋಪ್. ಹೆಚ್ಚಿನವರು ಇದನ್ನು ಪೂರ್ತಿ ಉಲ್ಟಾ ಮಾಡುತ್ತಾರೆ. ಚೆಂದದ ರೈಫಲ್ ಕೊಂಡು, ಅದಕ್ಕೆ ಸಿಕ್ಕಿದ ತೋಟೆ ತುಂಬಿ, ಆ ತೋಟೆಗೆ ತಕ್ಕ ಪ್ರಾಣಿ ಹುಡುಕುತ್ತಾರೆ.

ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ನಾಡುಗಳಲ್ಲಿ, ಲೈಸೆನ್ಸ್ ಮತ್ತು ಪರವಾನಗಿ ಇಟ್ಟುಕೊಂಡು, ಸೀಸನ್ ಪಾಲಿಸಿ ಬೇಟೆಯಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಪ್ರಾಣಿ ಮತ್ತು ದೂರ

"ದೊಡ್ಡ ಬೇಟೆ" ಎಂಬ ಒಂದೇ ಹೆಸರಿನೊಳಗೆ ಎಷ್ಟು ಬೇರೆ ಬೇರೆ ಮೈಗಳಿವೆ ನೋಡಿ. ಯುರೋಪಿನ ರೋ ಜಿಂಕೆ 20ರಿಂದ 30 ಕೆ.ಜಿ. ಕಾಡುಹಂದಿ 100 ಕೆ.ಜಿ. ಆಸುಪಾಸು, ಮೇಲೆ ದಪ್ಪ ಚರ್ಮ, ಗಟ್ಟಿ ಹೆಗಲು. ಜಿಂಕೆ ಕುಲದಲ್ಲೇ ಎಲ್ಲಕ್ಕಿಂತ ದೊಡ್ಡದಾದ ಮೂಸ್‌ನ ದೊಡ್ಡ ಗಂಡು 500 ಕೆ.ಜಿ. ದಾಟುತ್ತದೆ. ಆಫ್ರಿಕಾದ ಕೇಪ್ ಎಮ್ಮೆ 600ರಿಂದ 800 ಕೆ.ಜಿ., ಗಾಯವಾದರೆ ತಿರುಗಿ ಮೈಮೇಲೆ ಬರುವ ಪ್ರಾಣಿ. ಇವಕ್ಕೆಲ್ಲ ಒಂದೇ ತೋಟೆ ಸಾಕು ಎನ್ನುವವರ ಮಾತು ನಂಬಬೇಡಿ.

ಒಂದು ಕಾಗದದ ಮೇಲೆ ಮೂರು ವಿಷಯ ಬರೆಯಿರಿ. ಮುಂದಿನ ಐದು ವರ್ಷ ನೀವು ನಿಜವಾಗಿ ಬೇಟೆಯಾಡುವ ಪ್ರಾಣಿಗಳು ಯಾವುವು. ಆ ಕಾಡಿನಲ್ಲೋ ಬಯಲಿನಲ್ಲೋ ಈಡು ಸಿಗುವ ದೂರ ಎಷ್ಟು. ನಡೆದು ಹುಡುಕುವ ಬೇಟೆಯೋ, ಮರಸು ಕೂರುವ (ಮರೆಯಲ್ಲಿ ಕಾದು ಕೂರುವ) ಬೇಟೆಯೋ, ಜನ ಗದ್ದಲ ಮಾಡಿ ಪ್ರಾಣಿ ಎಬ್ಬಿಸುವ ಬೇಟೆಯೋ. ದಟ್ಟ ಕಾಡಿನಲ್ಲಿ ಹೆಚ್ಚಿನ ಈಡುಗಳು 100 ಮೀಟರ್ ಒಳಗೇ ಸಿಗುತ್ತವೆ. ಬೆಟ್ಟದ ಬಯಲಿನಲ್ಲಿ 250, 300 ಮೀಟರ್ ಆಗಬಹುದು. ಎಂದೋ ಒಂದು ದಿನ ಆನೆಗೋ ಎಮ್ಮೆಗೋ ಹೋಗುವ ಆಸೆ ಇದ್ದರೆ ಅದನ್ನು ಬೇರೆ ಕಾಗದದಲ್ಲಿ ಬರೆಯಿರಿ. ಅದಕ್ಕೆ ಬೇರೆಯದೇ ರೈಫಲ್ ಬೇಕು.

ಆಮೇಲೆ ಕಾನೂನು ನೋಡಿ. ಹಲವು ದೇಶಗಳು ಕನಿಷ್ಠ ಶಕ್ತಿ ಎಷ್ಟಿರಬೇಕೆಂದು ಲೆಕ್ಕ ಹಾಕಿಯೇ ಹೇಳಿವೆ. ಜರ್ಮನಿಯಲ್ಲಿ ರೋ ಜಿಂಕೆಗೆ 100 ಮೀಟರ್ ದೂರದಲ್ಲಿ ಗುಂಡಿಗೆ 1000 ಜೂಲ್ ಶಕ್ತಿ ಉಳಿದಿರಬೇಕು. ಅದಕ್ಕಿಂತ ದೊಡ್ಡ ಜಿಂಕೆ, ಹಂದಿಗಳಿಗೆ 6.5 ಮಿ.ಮೀ. ಕ್ಯಾಲಿಬರ್ (ಗುಂಡಿನ ಅಡ್ಡಳತೆ) ಮತ್ತು 2000 ಜೂಲ್. ಸ್ವೀಡನ್‌ನಲ್ಲಿ ಮೂಸ್‌ನಂಥ ದೊಡ್ಡ ಪ್ರಾಣಿಗೆ 9 ಗ್ರಾಮ್‌ನ ಗುಂಡಾದರೆ 100 ಮೀಟರ್‌ನಲ್ಲಿ 2700 ಜೂಲ್, 10 ಗ್ರಾಮ್ ಅಥವಾ ಅದಕ್ಕಿಂತ ತೂಕದ್ದಾದರೆ 2000 ಜೂಲ್ ಇದ್ದರೆ ಸಾಕು. ಈ ಸ್ವೀಡನ್ನಿನ ನಿಯಮ ನನಗೆ ಬಹಳ ಇಷ್ಟ. ಗುಂಡಿನ ತೂಕ ಜಾಸ್ತಿಯಾದರೆ ಶಕ್ತಿ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ ಎಂಬ ಅನುಭವದ ಮಾತು ಕಾನೂನಿನೊಳಗೇ ಬಂದಿದೆ. ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳಿಗೆ .375 ಇಂಚಿನ ಕ್ಯಾಲಿಬರ್‌ಗಿಂತ ಕೆಳಗೆ ಒಪ್ಪುವುದಿಲ್ಲ.

ಎರಡನೇ ಹೆಜ್ಜೆ: ಗುಂಡು

ಮೊದಲು ಹೆಸರು ಸ್ಪಷ್ಟ ಮಾಡಿಕೊಳ್ಳೋಣ. ಹಿತ್ತಾಳೆಯ ಕೇಸು, ಹಿಂದಿನ ಕೇಪು, ಒಳಗಿನ ಮದ್ದು, ಮುಂದಿನ ಗುಂಡು, ಈ ನಾಲ್ಕೂ ಸೇರಿದ್ದು ತೋಟೆ. ನಳಿಗೆಯಿಂದ ಹೊರಗೆ ಹೋಗುವುದು ಗುಂಡು ಮಾತ್ರ. ಅದರ ತೂಕವನ್ನು ಗ್ರೇನ್‌ನಲ್ಲಿ ಹೇಳುವುದು ವಾಡಿಕೆ. ಒಂದು ಗ್ರೇನ್ ಅಂದರೆ 0.0648 ಗ್ರಾಮ್. 180 ಗ್ರೇನ್‌ನ ಗುಂಡು ಸುಮಾರು 11.7 ಗ್ರಾಮ್.

ಬೇಟೆಯ ಗುಂಡು ಎರಡು ಕೆಲಸ ಮಾಡಬೇಕು. ಮೈಯೊಳಗೆ ಹೊಕ್ಕ ಮೇಲೆ ಅರಳಿ ಅಗಲ ಆಗಬೇಕು. ಅರಳಿದ ಮೇಲೂ ಮುಂದೆ ಹೋಗುತ್ತಿರಬೇಕು. ಇವೆರಡೂ ಒಂದಕ್ಕೊಂದು ವಿರುದ್ಧ. ಬೇಗ ಅರಳಿದರೆ ಆಳಕ್ಕೆ ಹೋಗುವುದಿಲ್ಲ. ಅರಳದಿದ್ದರೆ ಸೂಜಿಯಂತೆ ತೂರಿ ಆಚೆ ಹೋಗುತ್ತದೆ, ಪ್ರಾಣಿ ತುಂಬಾ ದೂರ ಓಡುತ್ತದೆ. ಗುಂಡು ಮಾಡುವವರ ಕಸುಬೆಲ್ಲ ಈ ಎರಡರ ನಡುವೆ ಹದ ಹುಡುಕುವುದರಲ್ಲೇ ಇದೆ.

ಸಾದಾ ಸಾಫ್ಟ್ ಪಾಯಿಂಟ್ ಗುಂಡಿನಲ್ಲಿ ಒಳಗೆ ಸೀಸ, ಮೇಲೆ ತಾಮ್ರದ ಹೊದಿಕೆ, ತುದಿಯಲ್ಲಿ ಸೀಸ ಹೊರಗೆ ಕಾಣುತ್ತದೆ. ಜಿಂಕೆ ಗಾತ್ರಕ್ಕೆ, ಮಧ್ಯಮ ವೇಗಕ್ಕೆ ಇದು ಇಂದಿಗೂ ಒಳ್ಳೆಯ ಗುಂಡು. ಬೆಲೆಯೂ ಕಡಿಮೆ. ಆದರೆ ತುಂಬಾ ಹತ್ತಿರದಿಂದ, ತುಂಬಾ ವೇಗದಲ್ಲಿ ಹೆಗಲ ಮೂಳೆಗೆ ತಾಗಿದರೆ ಚೂರಾಗಬಹುದು. 1946ರಲ್ಲಿ ಅಮೆರಿಕದ ಜಾನ್ ನಾಸ್ಲರ್ ಅವರಿಗೆ ಆಗಿದ್ದು ಇದೇ. ಮೈಯೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್ ಮೇಲೆ ಅವರ ಗುಂಡುಗಳು ಒಳಗೆ ಹೊಗಲೇ ಇಲ್ಲ. ಆ ಸಂಕಟದಿಂದ ಹುಟ್ಟಿದ್ದು ಪಾರ್ಟಿಷನ್ ಗುಂಡು. ಗುಂಡಿನ ಹೊಟ್ಟೆಯಲ್ಲಿ ಅಡ್ಡಗೋಡೆ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ತಳ್ಳುತ್ತಾ ಹೋಗುತ್ತದೆ. ಇವತ್ತಿಗೂ ಈ ಗುಂಡು ಬಳಕೆಯಲ್ಲಿದೆ.

ಆಮೇಲೆ ಬಂದವು ಬಾಂಡೆಡ್ ಗುಂಡುಗಳು. ಸೀಸವನ್ನೂ ತಾಮ್ರವನ್ನೂ ಬೆಸೆದಿರುತ್ತಾರೆ, ಹಾಗಾಗಿ ಬೇರೆಯಾಗುವುದಿಲ್ಲ. ಹಂದಿ, ಮೂಸ್, ಉತ್ತರ ಅಮೆರಿಕದ ದೊಡ್ಡ ಜಿಂಕೆ ವಾಪಿಟಿಯಂಥ ಗಟ್ಟಿ ಮೈಗೆ ನಾನು ಮೊದಲು ಹೇಳುವುದು ಇದನ್ನೇ. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಲ್ಲದೆ ಓರೆಯಾಗಿ ನಿಂತಿದ್ದರೆ ಗುಂಡು ಪಕ್ಕೆಲುಬು, ಹೊಟ್ಟೆ ದಾಟಿ ಎದೆಗೂಡು ಮುಟ್ಟಬೇಕು. ಆಗ ಈ ಗಟ್ಟಿತನ ಬೇಕೇ ಬೇಕು.

ಇನ್ನೊಂದು ಪೂರ್ತಿ ತಾಮ್ರದ ಗುಂಡು. ಸೀಸವೇ ಇಲ್ಲ. ತೂಕ ಹೆಚ್ಚುಕಮ್ಮಿ ಪೂರ್ತಿ ಉಳಿಯುತ್ತದೆ, ಆಳಕ್ಕೆ ಹೋಗುತ್ತದೆ, ಮಾಂಸ ಕೆಡುವುದು ಕಡಿಮೆ. ಸೀಸದ ಗುಂಡು ಒಡೆದಾಗ ಸಣ್ಣ ಸಣ್ಣ ಚೂರುಗಳು ಮಾಂಸದಲ್ಲಿ, ಕಾಡಿನಲ್ಲಿ ಬಿಟ್ಟ ಕರುಳಿನಲ್ಲಿ ಉಳಿಯುತ್ತವೆ. ಅದನ್ನು ತಿಂದ ರಣಹದ್ದುಗಳಿಗೆ ವಿಷ ಏರುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳು ಹೀಗೇ ಸಾಯುತ್ತಿದ್ದವು. ಅಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡು ಕಡ್ಡಾಯ. ನಿಯಮ ಇಲ್ಲದ ಕಡೆಯೂ ನಾನು ತಾಮ್ರದ ಪರ. ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುತ್ತಾರೆ ಅಲ್ವಾ?

ತಾಮ್ರದ ಗುಂಡಿನಲ್ಲಿ ಎರಡು ವಿಷಯ ಗಮನಿಸಿ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ. ಉದ್ದ ಗುಂಡು ಸ್ಥಿರವಾಗಿ ಹಾರಲು ನಳಿಗೆಯೊಳಗಿನ ಸುರುಳಿ ಗೆರೆ ಬಿಗಿಯಾಗಿರಬೇಕು. ಎರಡನೆಯದು, ಇದು ಅರಳಲು ವೇಗ ಬೇಕು. ದೂರದಲ್ಲಿ ವೇಗ ಇಳಿದ ಮೇಲೆ ಸರಿಯಾಗಿ ಅರಳದೇ ಹೋಗಬಹುದು. ಇವೆರಡಕ್ಕೂ ಒಂದೇ ಉಪಾಯ: ಸೀಸದಲ್ಲಿ 180 ಗ್ರೇನ್ ಬಳಸುತ್ತಿದ್ದ ಕಡೆ ತಾಮ್ರದಲ್ಲಿ 150 ಅಥವಾ 165 ತೆಗೆದುಕೊಳ್ಳಿ.

ಅರಳದ ಸಾಲಿಡ್ ಗುಂಡು ಆನೆಯಂಥ ಪ್ರಾಣಿಗೆ ಮಾತ್ರ. ಬೇರೆ ಯಾವುದಕ್ಕೂ ಬೇಡ. ಮಿಲಿಟರಿ ಮಾದರಿಯ ಪೂರ್ತಿ ಹೊದಿಕೆಯ ಗುಂಡನ್ನು ಜಿಂಕೆಗೆ ಹಾರಿಸುವುದು ಕ್ರೌರ್ಯ, ಹಲವು ಕಡೆ ಅಪರಾಧ ಕೂಡ.

ಗುಂಡಿನ ತೂಕವನ್ನು ಅದರ ಅಡ್ಡಳತೆಗೆ ಹೋಲಿಸಿ ನೋಡುವ ಒಂದು ಸಂಖ್ಯೆ ಇದೆ, ಸೆಕ್ಷನಲ್ ಡೆನ್ಸಿಟಿ ಎನ್ನುತ್ತಾರೆ. .30 ಕ್ಯಾಲಿಬರ್‌ನ 150 ಗ್ರೇನ್ ಗುಂಡಿಗೆ ಅದು .226, 180 ಗ್ರೇನ್‌ಗೆ .271. 6.5 ಮಿ.ಮೀ.ನ 140 ಗ್ರೇನ್‌ಗೆ .287. ಸಂಖ್ಯೆ ದೊಡ್ಡದಾದಷ್ಟೂ, ಗುಂಡಿನ ಕಟ್ಟಡ ಒಂದೇ ಥರ ಇದ್ದರೆ, ಆಳಕ್ಕೆ ಹೋಗುತ್ತದೆ. ಸಣ್ಣ ಕಾಣುವ 6.5 ಗುಂಡು ಸ್ಕ್ಯಾಂಡಿನೇವಿಯಾದಲ್ಲಿ ನೂರು ವರ್ಷದಿಂದ ಮೂಸ್ ಬೇಟೆಗೆ ಆಗಿಬಂದಿರುವುದಕ್ಕೆ ಇದೇ ಕಾರಣ.

ಮೂರನೇ ಹೆಜ್ಜೆ: ತೋಟೆ, ಮತ್ತು ನಿಮ್ಮ ಭುಜ

ಹೆಸರುಗಳ ಕಾಡಿನಲ್ಲಿ ಕಳೆದುಹೋಗಬೇಡಿ. ನೂರಾರು ತೋಟೆಗಳಿವೆ, ಬೇಕಾಗುವುದು ಕೆಲವೇ.

.243 ವಿಂಚೆಸ್ಟರ್ 1955ರದ್ದು. 100 ಗ್ರೇನ್ ಗುಂಡು, ನಳಿಗೆಯ ಬಾಯಲ್ಲಿ ಸುಮಾರು 2600 ಜೂಲ್. ಒದೆತ, ಅಂದರೆ ಹಾರಿಸಿದಾಗ ರೈಫಲ್ ಭುಜಕ್ಕೆ ಕೊಡುವ ಪೆಟ್ಟು, ಬಹಳ ಕಡಿಮೆ. ಸಣ್ಣ, ಮಧ್ಯಮ ಜಿಂಕೆಗೆ ಸರಿ. ಅದಕ್ಕಿಂತ ದೊಡ್ಡದಕ್ಕೆ ಬೇಡ. 6.5 ಕ್ರೀಡ್‌ಮೋರ್ 2007ರಲ್ಲಿ ಬಂತು. 143 ಗ್ರೇನ್‌ಗೆ 3100 ಜೂಲ್ ಆಸುಪಾಸು, ಒದೆತ ಹದವಾಗಿದೆ, ಗಾಳಿಯಲ್ಲಿ ಗುಂಡು ಕಡಿಮೆ ಸರಿಯುತ್ತದೆ. .270 ವಿಂಚೆಸ್ಟರ್ 1925ರದ್ದು. 130 ಗ್ರೇನ್ ಗುಂಡು ಸೆಕೆಂಡಿಗೆ 930 ಮೀಟರ್ ವೇಗ, ಬೆಟ್ಟದ ಬಯಲಿಗೆ ಹೇಳಿ ಮಾಡಿಸಿದ್ದು.

.308 ವಿಂಚೆಸ್ಟರ್ 1952ರದ್ದು, .30-06 ಸ್ಪ್ರಿಂಗ್‌ಫೀಲ್ಡ್ 1906ರದ್ದು. ಎರಡೂ ಒಂದೇ ಅಡ್ಡಳತೆಯ ಗುಂಡು ಹಾರಿಸುತ್ತವೆ. .30-06ರ 180 ಗ್ರೇನ್ ಗುಂಡಿಗೆ ಸುಮಾರು 3950 ಜೂಲ್. ಒಂದೇ ರೈಫಲ್‌ನಲ್ಲಿ ಜಿಂಕೆಯಿಂದ ಮೂಸ್‌ವರೆಗೆ ಎಲ್ಲ ಆಗಬೇಕು ಎನ್ನುವವರಿಗೆ ನನ್ನ ಉತ್ತರ ಈ ಎರಡರಲ್ಲಿ ಒಂದು. ಎಲ್ಲ ಕಡೆ ತೋಟೆ ಸಿಗುತ್ತದೆ, ಎಲ್ಲ ಥರದ ಗುಂಡೂ ಸಿಗುತ್ತದೆ. ದೂರದ ಊರಿಗೆ ಬೇಟೆಗೆ ಹೋದಾಗ ತೋಟೆಯ ಪೆಟ್ಟಿಗೆ ದಾರಿಯಲ್ಲಿ ಕಳೆದುಹೋದರೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಮ್ಯಾಗ್ನಮ್‌ಗಳು, ಅಂದರೆ ಹೆಚ್ಚು ಮದ್ದು ಹಿಡಿಯುವ ಜೋರಿನ ತೋಟೆಗಳು. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ 1962ರದ್ದು, .300 ವಿಂಚೆಸ್ಟರ್ ಮ್ಯಾಗ್ನಮ್ 1963ರದ್ದು. ಬಯಲಿನಲ್ಲಿ, ದೂರದಲ್ಲಿ, ದೊಡ್ಡ ಪ್ರಾಣಿಗೆ ಇವು ಒಳ್ಳೆಯವೇ. ಆದರೆ .300 ಮ್ಯಾಗ್ನಮ್‌ನ ಒದೆತ .308ಕ್ಕಿಂತ ಸುಮಾರು ಒಂದೂವರೆ ಪಟ್ಟು. 1912ರ .375 ಎಚ್ ಆಂಡ್ ಎಚ್ ಮ್ಯಾಗ್ನಮ್‌ದು ಎರಡು ಪಟ್ಟಿಗಿಂತ ಜಾಸ್ತಿ. 300 ಗ್ರೇನ್ ಗುಂಡು, 5700 ಜೂಲ್ ದಾಟುವ ಶಕ್ತಿ. ಎಮ್ಮೆಯ ಎದುರು ನಿಲ್ಲುವವರಿಗೆ ಅದು ಬೇಕು. ಜಿಂಕೆಗೆ ಹೋಗುವವರಿಗೆ ಬೇಡ.

ಒದೆತದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಗುರಿ ತಪ್ಪಿಸುವುದರಲ್ಲಿ ಇದೇ ದೊಡ್ಡದು. ನಾನು ಮೊದಲ ಮ್ಯಾಗ್ನಮ್ ತೆಗೆದುಕೊಂಡಾಗ ಗುಂಡುಗಳು ಯಾಕೋ ಕೆಳಗೆ, ಬಲಕ್ಕೆ ಹೋಗುತ್ತಿದ್ದವು. ಸ್ಕೋಪ್ ಕೆಟ್ಟಿದೆ ಎಂದುಕೊಂಡಿದ್ದೆ. ರೇಂಜಿನಲ್ಲಿದ್ದ ಹಿರಿಯರೊಬ್ಬರು ರೈಫಲ್ ಇಸಿದುಕೊಂಡು, ನನಗೆ ಕಾಣದಂತೆ ಒಳಗೆ ಡಮ್ಮಿ ತೋಟೆ ಇಟ್ಟು ವಾಪಸ್ ಕೊಟ್ಟರು. ಟ್ರಿಗರ್ ಎಳೆದೆ. ಸದ್ದು ಬರಲಿಲ್ಲ, ಆದರೆ ನಳಿಗೆ ತಾನಾಗಿ ಕೆಳಗೆ ಕುಸಿಯಿತು. ಒದೆತಕ್ಕೆ ಹೆದರಿ ನನ್ನ ಮೈ ಮೊದಲೇ ಬಿಗಿಯುತ್ತಿತ್ತು. ಆ ರೈಫಲ್ ಮಾರಿ .308 ತೆಗೆದುಕೊಂಡ ವರ್ಷವೇ ನನ್ನ ಗುಂಡುಗಳು ಗೇಣಿನೊಳಗೆ ಕೂರತೊಡಗಿದವು.

ನೀವೂ ಸ್ನೇಹಿತರ ಕೈಯಲ್ಲಿ ಈ ಪರೀಕ್ಷೆ ಮಾಡಿಸಿ. ರೈಫಲ್ ಕೊಳ್ಳುವ ಮೊದಲೇ ಯಾರದಾದರೂ ರೈಫಲ್‌ನಲ್ಲಿ ಅದೇ ತೋಟೆಯ ಹತ್ತು ಗುಂಡು ಹಾರಿಸಿ ನೋಡಿ. ಹತ್ತನೆಯದನ್ನೂ ಮೊದಲನೆಯದರಷ್ಟೇ ನಿರಾಳವಾಗಿ ಹಾರಿಸಲು ಆದರೆ ಆ ತೋಟೆ ನಿಮ್ಮದು.

ನಾಲ್ಕನೇ ಹೆಜ್ಜೆ: ರೈಫಲ್

ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಈಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತಳ್ಳುವ ರೈಫಲ್ ತೆಗೆದುಕೊಳ್ಳಿ. ಗಟ್ಟಿ, ಸರಳ, ನಿಖರ. ಬೋಲ್ಟ್ ತೆಗೆದರೆ ನಳಿಗೆಯ ಆಚೆ ಬದಿ ಕಾಣುತ್ತದೆ, ಒಳಗೆ ಏನೂ ಇಲ್ಲ ಎಂದು ಕಣ್ಣಾರೆ ಖಾತ್ರಿ ಮಾಡಿಕೊಳ್ಳಬಹುದು. ಇಂದಿನ ಬೋಲ್ಟ್ ಆಕ್ಷನ್ ಬೇಟೆ ರೈಫಲ್‌ಗಳಲ್ಲಿ ಬಹುಪಾಲು ಜರ್ಮನಿಯ 1898ರ ಮೌಸರ್ ರೈಫಲ್‌ನ ಮಕ್ಕಳು, ಮೊಮ್ಮಕ್ಕಳೇ. ಆ ಮೌಸರ್‌ನ ದೊಡ್ಡ ಉಗುರಿನಂಥ ಎಕ್ಸ್‌ಟ್ರ್ಯಾಕ್ಟರ್, ಮ್ಯಾಗಜಿನ್‌ನಿಂದ ತೋಟೆ ಮೇಲೆ ಬರುತ್ತಿದ್ದಂತೆಯೇ ಅದರ ಅಂಚನ್ನು ಹಿಡಿದುಕೊಳ್ಳುತ್ತದೆ. ಗಾಬರಿಯಲ್ಲಿ ಬೋಲ್ಟ್ ಅರ್ಧ ಎಳೆದು ಮತ್ತೆ ತಳ್ಳಿದರೂ ಎರಡು ತೋಟೆ ಸಿಕ್ಕಿಕೊಳ್ಳುವುದಿಲ್ಲ. ಅಪಾಯದ ಪ್ರಾಣಿಗಳಿಗೆ ಹೋಗುವವರು ಇದನ್ನೇ ಕೇಳಿ ತೆಗೆದುಕೊಳ್ಳುತ್ತಾರೆ. ಜಿಂಕೆ ಬೇಟೆಗೆ ಇದು ಅಷ್ಟು ಮುಖ್ಯ ಅಲ್ಲ.

ಟ್ರಿಗರ್ ಕೆಳಗಿನ ಹಿಡಿ ಎಳೆದು ತೋಟೆ ತುಂಬುವ ಲಿವರ್ ಆಕ್ಷನ್ ದಟ್ಟ ಕಾಡಿಗೆ ಚೆನ್ನಾಗಿದೆ. ಅದರಲ್ಲಿ ಒಂದು ಎಚ್ಚರಿಕೆ ಇದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಕೂರುತ್ತವೆ. ಚೂಪು ಗಟ್ಟಿ ತುದಿಯ ಗುಂಡು ಇದ್ದರೆ, ಒದೆತಕ್ಕೆ ಅದು ಮುಂದಿನ ತೋಟೆಯ ಕೇಪಿಗೆ ಬಡಿದು ಹೊತ್ತಿಸಬಹುದು. ಚಪ್ಪಟೆ ತುದಿಯ ಗುಂಡು ಅಥವಾ ಅದಕ್ಕೆಂದೇ ಮಾಡಿದ ಮೆತ್ತನೆ ತುದಿಯ ಗುಂಡು ಮಾತ್ರ ಹಾಕಿ.

ತೂಕ ಸ್ಕೋಪ್ ಸೇರಿ 3.5ರಿಂದ 4 ಕೆ.ಜಿ. ಇರಲಿ. ಹಗುರ ರೈಫಲ್ ಹೊರಲು ಸುಖ, ಹಾರಿಸಲು ಕಷ್ಟ. ಅದೇ ತೋಟೆಗೆ ಒದೆತ ಜಾಸ್ತಿ, ಕೈಯಲ್ಲಿ ನಡುಕವೂ ಜಾಸ್ತಿ. ಬೆಟ್ಟ ಹತ್ತುವವರು ಮಾತ್ರ ಇನ್ನೂ ಇಳಿಸಲಿ. ನಳಿಗೆ ಸಾಮಾನ್ಯ ತೋಟೆಗೆ 22 ಇಂಚು, ಮ್ಯಾಗ್ನಮ್‌ಗೆ 24 ಇಂಚು. ಒಂದಿಂಚು ಕಡಿಮೆಯಾದರೆ ವೇಗ ಸೆಕೆಂಡಿಗೆ 6ರಿಂದ 9 ಮೀಟರ್ ಇಳಿಯುತ್ತದೆ. ಪೊದೆಗಳ ನಡುವೆ ಓಡಾಡುವವರಿಗೆ ಈ ನಷ್ಟ ಲೆಕ್ಕಕ್ಕಿಲ್ಲ.

ಸ್ಟಾಕ್, ಅಂದರೆ ಭುಜಕ್ಕೆ, ಕೆನ್ನೆಗೆ ಒರಗುವ ರೈಫಲ್‌ನ ಹಿಡಿ, ನಿಮ್ಮ ಮೈಗೆ ಹೊಂದಬೇಕು. ಪರೀಕ್ಷೆ ಸುಲಭ. ಖಾಲಿ ರೈಫಲ್ ಎಂದು ಎರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ತನ್ನಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಸ್ಕೋಪಿನ ಪೂರ್ತಿ ವೃತ್ತ ತಕ್ಷಣ ಕಂಡರೆ ಹೊಂದಿದೆ. ಕತ್ತು ಚಾಚಬೇಕಾದರೆ, ತಲೆ ಎತ್ತಬೇಕಾದರೆ ಹೊಂದಿಲ್ಲ. ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ಈ ಪರೀಕ್ಷೆ ಮಾಡಿ. ಮರದ ಸ್ಟಾಕ್ ನೋಡಲು ಚೆಂದ, ಆದರೆ ಮಳೆಯಲ್ಲಿ ನೀರು ಕುಡಿದು ಉಬ್ಬಿ ನಳಿಗೆಗೆ ಒತ್ತಿದರೆ ಗುರಿ ಸರಿಯುತ್ತದೆ. ನಳಿಗೆಯ ಕೆಳಗೆ ಒಂದು ಕಾಗದ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ಒಳ್ಳೆಯದು.

ಟ್ರಿಗರ್ ಒಂದೂವರೆ ಕೆ.ಜಿ. ಆಸುಪಾಸಿನ ಎಳೆತಕ್ಕೆ, ಜಾರದೆ, ಒಣ ಕಡ್ಡಿ ಮುರಿದಂತೆ ಬಿಡಬೇಕು. ಇದಕ್ಕಿಂತ ಬಹಳ ಹಗುರ ಬೇಡ. ಚಳಿಗೆ ಬೆರಳು ಮರಗಟ್ಟಿದಾಗ ಅಪಾಯ. ನಳಿಗೆಯ ಬಾಯಿಗೆ ಹಾಕುವ ತೂತುಗಳ ಮಝಲ್ ಬ್ರೇಕ್ ಒದೆತ ಇಳಿಸುತ್ತದೆ ನಿಜ, ಆದರೆ ಸದ್ದನ್ನು ಹಿಂದಕ್ಕೆ, ಪಕ್ಕದವರ ಕಿವಿಗೆ ತಿರುಗಿಸುತ್ತದೆ. ಕಾನೂನು ಒಪ್ಪುವ ಕಡೆ ಸೈಲೆನ್ಸರ್ ಅದಕ್ಕಿಂತ ಎಷ್ಟೋ ಮೇಲು. ಸೈಲೆನ್ಸರ್ ಇರಲಿ ಬಿಡಲಿ, ಕಿವಿಗೆ ರಕ್ಷಣೆ ಹಾಕಿ. ಹೋದ ಕಿವಿ ವಾಪಸ್ ಬರುವುದಿಲ್ಲ.

ಐದನೇ ಹೆಜ್ಜೆ: ಸ್ಕೋಪ್

ಸ್ಕೋಪಿನ ಮೇಲೆ 3-9×40 ಎಂದು ಬರೆದಿರುತ್ತದೆ. ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 40 ಮಿ.ಮೀ. ಎಂದು ಅರ್ಥ.

ಹೊಸಬರು ಯಾವಾಗಲೂ ಹೆಚ್ಚು ಪಟ್ಟಿನ ಹಿಂದೆ ಹೋಗುತ್ತಾರೆ. ಪಟ್ಟು ಏರಿದಷ್ಟೂ ಕಾಣುವ ಅಗಲ ಕುಗ್ಗುತ್ತದೆ. 3 ಪಟ್ಟಿನಲ್ಲಿ 100 ಮೀಟರ್ ದೂರದಲ್ಲಿ ಸುಮಾರು 11 ಮೀಟರ್ ಅಗಲ ಕಾಣುತ್ತದೆ, 9 ಪಟ್ಟಿನಲ್ಲಿ 4 ಮೀಟರ್ ಆಸುಪಾಸು. ಪೊದೆಯಿಂದ ಹಂದಿ ಹೊರಗೆ ನುಗ್ಗಿದಾಗ ಆ ನಾಲ್ಕು ಮೀಟರ್‌ನೊಳಗೆ ಅದನ್ನು ಹುಡುಕುವಷ್ಟರಲ್ಲಿ ಅದು ಆಚೆ ಹೋಗಿರುತ್ತದೆ. ಎಬ್ಬಿಸುವ ಬೇಟೆಗೆ 1-6×24. ಮರಸಿಗೆ, ನಡೆದು ಹುಡುಕುವುದಕ್ಕೆ 3-9×40 ಅಥವಾ 2-10×42. ಬೆಟ್ಟದ ಬಯಲಿಗೆ 3-15ರವರೆಗೆ ಹೋಗಬಹುದು. ಇದಕ್ಕಿಂತ ಮೇಲೆ ಬೇಡ. ಕಾಡಿನಲ್ಲಿ ನಡೆಯುವಾಗ ಯಾವಾಗಲೂ ಕನಿಷ್ಠ ಪಟ್ಟಿನಲ್ಲೇ ಇಟ್ಟುಕೊಳ್ಳಿ. ದೂರದ ಪ್ರಾಣಿ ಪಟ್ಟು ಏರಿಸಲು ಸಮಯ ಕೊಡುತ್ತದೆ. ಹತ್ತಿರದ್ದು ಇಳಿಸಲು ಕೊಡುವುದಿಲ್ಲ.

ಮುಂಜಾವು, ಮುಸ್ಸಂಜೆಗಳಲ್ಲಿ ಪ್ರಾಣಿಗಳು ಹೊರಗೆ ಬರುತ್ತವೆ, ಆದ್ದರಿಂದ ಮಂದ ಬೆಳಕಿನ ಲೆಕ್ಕ ಗೊತ್ತಿರಬೇಕು. ಮುಂದಿನ ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ಮಿ.ಮೀ. ಅಗಲದ ಬೆಳಕು ನಿಮ್ಮ ಕಣ್ಣಿಗೆ ಬರುತ್ತದೆ. 42 ಮಿ.ಮೀ. ಗಾಜು 6 ಪಟ್ಟಿನಲ್ಲಿ 7 ಮಿ.ಮೀ. ಕೊಡುತ್ತದೆ. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಅಷ್ಟು ಅರಳುತ್ತದೆ. ವಯಸ್ಸಾದಂತೆ 5 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ಸಂಜೆ ಮಸುಕಾದರೆ ದೊಡ್ಡ ಗಾಜಿನ ಸ್ಕೋಪ್ ಹುಡುಕುವ ಮೊದಲು ಪಟ್ಟು ಇಳಿಸಿ ನೋಡಿ. ಮಧ್ಯ ಯುರೋಪಿನ ಅಟ್ಟಣಿಗೆ ಬೇಟೆಗಾರರು 8×56 ಇಷ್ಟಪಡುವುದು ಇದೇ 7ರ ಲೆಕ್ಕದಿಂದ. ಆದರೆ ಅಷ್ಟು ದೊಡ್ಡ ಗಾಜು ಹಾಕಿದರೆ ಸ್ಕೋಪ್ ನಳಿಗೆಯಿಂದ ಎತ್ತರಕ್ಕೆ ಹೋಗುತ್ತದೆ, ಕೆನ್ನೆ ಸರಿಯಾಗಿ ಒರಗುವುದಿಲ್ಲ.

ಗಾಜಿನ ಗುಣವನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅಳೆಯಬೇಡಿ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಸೂರ್ಯ ಮುಳುಗಿದ ಮೇಲೆ ಹೊರಗೆ ತಂದು, ಮರದ ಕಪ್ಪು ನೆರಳಿನೊಳಗೆ ನೋಡಿ. ಕೊಂಬೆಗಳು ಬೇರೆ ಬೇರೆ ಕಾಣಬೇಕು.

ಸ್ಕೋಪಿನೊಳಗೆ ಗುರಿ ಹಿಡಿಯುವ ಅಡ್ಡಗೆರೆ ಸರಳವಾಗಿರಲಿ. ಅಂಚಿನಲ್ಲಿ ದಪ್ಪ, ನಡುವೆ ತೆಳು ಇರುವ ಡ್ಯೂಪ್ಲೆಕ್ಸ್ ಸಾಕು. ನಡುವೆ ಸಣ್ಣ ಕೆಂಪು ಚುಕ್ಕೆ ಉರಿಯುವಂತಿದ್ದರೆ ಮಸುಕಿನಲ್ಲಿ ಕಪ್ಪು ಹಂದಿಯ ಮೇಲೆ ಬಹಳ ಉಪಯೋಗ. ಫಸ್ಟ್ ಫೋಕಲ್ ಸ್ಕೋಪಿನಲ್ಲಿ ಪಟ್ಟು ಏರಿಸಿದಂತೆ ಗೆರೆಯೂ ದಪ್ಪ ಆಗುತ್ತದೆ, ಇಳಿಸಿದರೆ ಕೂದಲಿನಷ್ಟು ತೆಳುವಾಗಿ ಕಾಣದೇ ಹೋಗುತ್ತದೆ. ಬೇಟೆಗೆ, ಪಟ್ಟು ಬದಲಾದರೂ ಗೆರೆ ಒಂದೇ ದಪ್ಪ ಕಾಣುವ ಸೆಕೆಂಡ್ ಫೋಕಲ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕಣ್ಣಿಗೂ ಸ್ಕೋಪಿಗೂ ನಡುವೆ ಕನಿಷ್ಠ 9 ಸೆಂ.ಮೀ. ಜಾಗ ಇರಬೇಕು. ಕಡಿಮೆಯಾದರೆ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ಸೀಳುತ್ತದೆ. ಹಣ ಹಂಚುವ ವಿಷಯಕ್ಕೆ ಬಂದರೆ, ರೈಫಲ್‌ಗೆ ಹಾಕುವಷ್ಟೇ ಹಣ ಸ್ಕೋಪಿಗೂ ಅದನ್ನು ರೈಫಲ್‌ಗೆ ಹಿಡಿದಿಡುವ ಮೌಂಟಿಗೂ ಇಡಿ. ಸಾಧಾರಣ ರೈಫಲ್ ಮೇಲಿನ ಒಳ್ಳೆಯ ಸ್ಕೋಪ್ ಕೆಲಸ ಮಾಡುತ್ತದೆ. ಒಳ್ಳೆಯ ರೈಫಲ್ ಮೇಲಿನ ಕೆಟ್ಟ ಸ್ಕೋಪ್ ಕೈಕೊಡುತ್ತದೆ.

ಆರನೇ ಹೆಜ್ಜೆ: ಸ್ಕೋಪ್ ಕೂರಿಸುವುದು

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹಿಂದೊಮ್ಮೆ ಅಂಗಡಿಯಲ್ಲೇ ಕೂರಿಸಿಕೊಟ್ಟ ಸ್ಕೋಪ್ ನಂಬಿ ಹೋಗಿದ್ದೆ. ಜೀಪಿನಲ್ಲಿ ಎರಡು ದಿನದ ಕೆಟ್ಟ ದಾರಿ. ಗುರಿ ಪರೀಕ್ಷಿಸದೆ ಮೊದಲ ಸಂಜೆಯೇ ಈಡು ಹೊಡೆದೆ. ಗಂಡು ಜಿಂಕೆ ಹಿಂಗಾಲು ಎಳೆದುಕೊಂಡು ಪೊದೆ ಸೇರಿತು. ಕತ್ತಲಾಗುವವರೆಗೆ ನೆತ್ತರಿನ ಜಾಡು ಹಿಡಿದು ನಡೆದೆವು. ಮರುದಿನ ಬೆಳಿಗ್ಗೆ ಸಿಕ್ಕಿತು, ಇನ್ನೂ ಉಸಿರಿತ್ತು. ಆಮೇಲೆ ನೋಡಿದರೆ ಸ್ಕೋಪ್ ಹಿಡಿದಿಡುವ ಮುಂದಿನ ರಿಂಗಿನ ಎರಡು ಸ್ಕ್ರೂ ಬೆರಳಲ್ಲೇ ತಿರುಗುತ್ತಿದ್ದವು. ಆ ರಾತ್ರಿ ಆ ಪ್ರಾಣಿ ಪಟ್ಟ ಪಾಡು ನನ್ನ ಲೆಕ್ಕದಲ್ಲೇ ಇದೆ.

ನೀವೇ ಕೂರಿಸಿ, ಕಷ್ಟವೇನಿಲ್ಲ. ಸ್ಕ್ರೂ ಮತ್ತು ತೂತುಗಳ ಎಣ್ಣೆ ಪೂರ್ತಿ ಒರೆಸಿ. ರಿಂಗುಗಳ ಕೆಳಗೆ ರೈಫಲ್ ಮೇಲೆ ಕೂರುವ ಬೇಸನ್ನು ಮೊದಲು ಬಿಗಿ ಮಾಡಿ. ಸ್ಕೋಪನ್ನು ರಿಂಗಿನೊಳಗೆ ಸಡಿಲವಾಗಿ ಇಟ್ಟು, ಪಟ್ಟು ಪೂರ್ತಿ ಏರಿಸಿ, ಭುಜಕ್ಕೆ ತಂದು ಕಣ್ಣಿನ ದೂರ ಸರಿ ಮಾಡಿಕೊಳ್ಳಿ. ಅಡ್ಡಗೆರೆ ನೇರ ಇದೆಯೇ ಎಂದು ಒಂದು ತೂಗುದಾರ ನೋಡಿ ಖಾತ್ರಿ ಮಾಡಿ. ಆಮೇಲೆ ಟಾರ್ಕ್ ಸ್ಕ್ರೂಡ್ರೈವರ್‌ನಿಂದ, ಮೌಂಟ್ ಮಾಡಿದವರು ಹೇಳಿದಷ್ಟೇ ಬಿಗಿ, ಒಂದೇ ಬದಿಯಲ್ಲಿ ಒಮ್ಮೆಲೇ ತಿರುಗಿಸದೆ ಸ್ವಲ್ಪ ಸ್ವಲ್ಪವಾಗಿ. ಜಾಸ್ತಿ ಬಿಗಿದರೆ ಸ್ಕೋಪಿನ ಕೊಳವೆಯೇ ನಜ್ಜಾಗುತ್ತದೆ. ಪ್ರತಿ ಸ್ಕ್ರೂ ತಲೆಯ ಮೇಲೆ ಬಣ್ಣದ ಒಂದು ಗೀಟು ಎಳೆದಿಡಿ. ಸಡಿಲವಾದರೆ ಗೀಟು ಸರಿದಿರುತ್ತದೆ, ದೂರದಿಂದಲೇ ಕಾಣುತ್ತದೆ.

ಏಳನೇ ಹೆಜ್ಜೆ: ತೋಟೆ ಪರೀಕ್ಷೆ ಮತ್ತು ಗುರಿ ಕೂರಿಸುವುದು

ಎರಡು ರೈಫಲ್‌ಗಳು ಒಂದೇ ಕಾರ್ಖಾನೆಯಿಂದ, ಒಂದೇ ದಿನ ಬಂದರೂ ಒಂದೇ ತೋಟೆಯನ್ನು ಮೆಚ್ಚುವುದಿಲ್ಲ. ಅದಕ್ಕೇ ಮೂರು ನಾಲ್ಕು ಥರದ ತೋಟೆಯನ್ನು ಒಂದೊಂದು ಪೆಟ್ಟಿಗೆ ತನ್ನಿ. ಪೆಟ್ಟಿಗೆಯ ಮೇಲಿನ ಹೆಸರು, ತೋಟೆಯ ಹಿಂಭಾಗದಲ್ಲಿ ಕೊರೆದ ಹೆಸರು, ನಳಿಗೆಯ ಮೇಲಿನ ಹೆಸರು ಮೂರೂ ಒಂದೇ ಇರಬೇಕು. .300 ಬ್ಲ್ಯಾಕ್‌ಔಟ್ ತೋಟೆ .223 ರೈಫಲ್‌ನೊಳಗೆ ಕೂತುಬಿಡುತ್ತದೆ, ಹಾರಿಸಿದರೆ ರೈಫಲ್ ಸಿಡಿಯುತ್ತದೆ. ಬೇರೆ ಬೇರೆ ತೋಟೆಗಳನ್ನು ಒಂದೇ ಮೇಜಿನ ಮೇಲೆ ಹರಡಬೇಡಿ.

ಬೋಲ್ಟ್ ತೆಗೆದು, ರೈಫಲನ್ನು ಮರಳು ಚೀಲದ ಮೇಲೆ ಇಟ್ಟು, ನಳಿಗೆಯೊಳಗಿಂದ 25 ಮೀಟರ್ ದೂರದ ಗುರಿ ನೋಡಿ. ರೈಫಲ್ ಅಲುಗಾಡಿಸದೆ ಸ್ಕೋಪಿನ ಗೆರೆಯನ್ನು ಅದೇ ಗುರಿಗೆ ತನ್ನಿ. ಮೊದಲ ಗುಂಡು ಕಾಗದಕ್ಕೆ ತಾಗುತ್ತದೆ. 25ರಲ್ಲಿ ನಡುವಿಗೆ ತಂದ ಮೇಲೆ 100 ಮೀಟರ್‌ಗೆ ಹೋಗಿ. ಗೆರೆ ಸರಿಸುವ ತಿರುಪಿನ ಒಂದು ಕ್ಲಿಕ್ ಕಾಲು ಎಂಒಎ (ಎಂಒಎ, ಮಿಲ್ ಎರಡೂ ಕೋನದ ಅಳತೆಗಳು) ಆದರೆ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ., 0.1 ಮಿಲ್ ಆದರೆ ಸರಿಯಾಗಿ 1 ಸೆಂ.ಮೀ. ಸರಿಯುತ್ತದೆ.

ಪ್ರತಿ ತೋಟೆಯಿಂದ ಮೂರು ಮೂರು ಗುಂಡು, ನಡುವೆ ನಳಿಗೆ ತಣಿಯಲು ಬಿಡಿ. ಮೂರೂ 4 ಸೆಂ.ಮೀ. ಒಳಗೆ ಬಿದ್ದರೆ ಬೇಟೆಗೆ ಬೇಕಾದಷ್ಟಾಯಿತು. ಇನ್ನೂ ಕಿರಿದು ಬೇಕೆಂದು ತಿಂಗಳುಗಟ್ಟಲೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಒಮ್ಮೆ ಚೆನ್ನಾಗಿ ಬಿದ್ದದ್ದನ್ನು ನಂಬದೆ, ಬೇರೆ ದಿನ ಮತ್ತೆ ಹಾರಿಸಿ ನೋಡಿ. ಮೆಚ್ಚಿದ ತೋಟೆ ಸಿಕ್ಕ ಮೇಲೆ ಅದೇ ಲಾಟ್ ನಂಬರ್‌ನ (ಒಟ್ಟಿಗೆ ತಯಾರಾದ) ಹಲವು ಪೆಟ್ಟಿಗೆ ಒಟ್ಟಿಗೆ ತೆಗೆದಿಡಿ.

.30-06ರ 180 ಗ್ರೇನ್ ಗುಂಡನ್ನು 100 ಮೀಟರ್‌ನಲ್ಲಿ 5 ಸೆಂ.ಮೀ. ಮೇಲೆ ಬೀಳುವಂತೆ ಕೂರಿಸಿದರೆ, 180 ಮೀಟರ್ ಸುಮಾರಿಗೆ ಗುರಿಗೆ ಸರಿಹೋಗುತ್ತದೆ. 200ರಲ್ಲಿ ಮೂರ್ನಾಲ್ಕು ಸೆಂ.ಮೀ. ಕೆಳಗೆ. ಅಂದರೆ 200 ಮೀಟರ್‌ವರೆಗೆ ಲೆಕ್ಕ ಏನೂ ಬೇಡ, ಎದೆಯ ನಡುವಿಗೆ ಹಿಡಿದರೆ ಗೇಣಿನೊಳಗೇ ಇರುತ್ತದೆ. 300ರಲ್ಲಿ 30 ಸೆಂ.ಮೀ.ಗೂ ಜಾಸ್ತಿ ಇಳಿದಿರುತ್ತದೆ. ಅಲ್ಲಿ ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಇದ್ದರೆ ಗುಂಡು ಒಂದು ಗೇಣು ಪಕ್ಕಕ್ಕೂ ಸರಿಯುತ್ತದೆ. ಇಳಿತವನ್ನು ದೂರ ಅಳೆಯುವ ಯಂತ್ರದಿಂದ ಲೆಕ್ಕ ಹಾಕಬಹುದು. ಕಣಿವೆಯ ಗಾಳಿಯನ್ನು ಯಾರೂ ಸರಿಯಾಗಿ ಅಳೆದುಕೊಡುವುದಿಲ್ಲ. ನನ್ನ ಮಿತಿ ಅದಕ್ಕೇ 250 ಮೀಟರ್.

ಎಂಟನೇ ಹೆಜ್ಜೆ: ನಿಮ್ಮ ಸ್ವಂತ ಮಿತಿ

ಮೇಜಿನ ಮೇಲೆ ಮರಳು ಚೀಲ ಇಟ್ಟು ಹಾರಿಸುವುದು ರೈಫಲ್‌ನ ಪರೀಕ್ಷೆ. ನಿಮ್ಮ ಪರೀಕ್ಷೆ ಬೇರೆ. 20 ಸೆಂ.ಮೀ. ಅಗಲದ ಒಂದು ತಟ್ಟೆ ಕಟ್ಟಿ. ಐವತ್ತು ಹೆಜ್ಜೆ ಜೋರಾಗಿ ನಡೆದು ಬಂದು, ಏದುಸಿರು ಇರುವಾಗಲೇ, ಕೋಲಿಗೆ ಒರಗಿಸಿಯೋ ಕುಳಿತೋ ಹಾರಿಸಿ. 100 ಮೀಟರ್‌ನಲ್ಲಿ ಐದಕ್ಕೆ ಐದೂ ತಾಗಿದರೆ 150ಕ್ಕೆ ಹೋಗಿ. ಐದರಲ್ಲಿ ಒಂದು ತಪ್ಪಿದ ದೂರದಿಂದ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ಅಲ್ಲಿಗೆ ನಿಮ್ಮ ಮಿತಿ. ಆಸರೆ ಇಲ್ಲದೆ ನಿಂತು ಹಾರಿಸುವ ಮಿತಿಯನ್ನು ಬೇರೆಯಾಗಿ ಅಳೆಯಿರಿ, ಅದು ಹೆಚ್ಚಿನವರಿಗೆ 100 ಮೀಟರ್ ಕೂಡ ಇರುವುದಿಲ್ಲ.

ತೋಟೆಯ ಖರ್ಚು ಜಾಸ್ತಿ ಅನಿಸಿದರೆ ಮನೆಯಲ್ಲೇ ಖಾಲಿ ರೈಫಲ್‌ನಿಂದ ಟ್ರಿಗರ್ ಅಭ್ಯಾಸ ಮಾಡಿ. ತೋಟೆಗಳೆಲ್ಲ ಬೇರೆ ಕೋಣೆಯಲ್ಲಿರಲಿ. ದಿನಕ್ಕೆ ಹತ್ತು ಸಲ ಎಳೆದರೂ ಒಂದು ತಿಂಗಳಲ್ಲಿ ಬೆರಳಿಗೆ ಬುದ್ಧಿ ಬರುತ್ತದೆ.

ಬೇಟೆಯ ಜಾಗ ತಲುಪಿದ ದಿನ ಸ್ಕ್ರೂಗಳ ಗೀಟು ನೋಡಿ. ನಳಿಗೆಯ ಎಣ್ಣೆ ಒಣ ಬಟ್ಟೆಯಿಂದ ಒರೆಸಿ. ಆಮೇಲೆ 100 ಮೀಟರ್‌ಗೆ ಗುರಿ ಇಟ್ಟು, ತಣ್ಣನೆಯ ನಳಿಗೆಯಿಂದ ಒಂದು ಗುಂಡು ಹಾರಿಸಿ. ನಳಿಗೆ ತಣಿದ ಮೇಲೆ ಇನ್ನೊಂದು, ಮತ್ತೆ ತಣಿದ ಮೇಲೆ ಇನ್ನೊಂದು. ಕಾಡಿನಲ್ಲಿ ನಿಮಗೆ ಸಿಗುವುದು ಆ ತಣ್ಣನೆಯ ಮೊದಲ ಗುಂಡೇ. ಮೂರೂ ಮನೆಯಲ್ಲಿ ಬಿದ್ದ ಜಾಗದಲ್ಲೇ ಬಿದ್ದರೆ ಮರುದಿನ ನಸುಕಿಗೆ ಹೊರಡಿ. ಬೀಳದಿದ್ದರೆ ಅವತ್ತಿನ ಸಂಜೆಯ ಬೇಟೆ ಬಿಟ್ಟು, ಗುರಿ ಸರಿ ಮಾಡಿಕೊಳ್ಳಿ.